ಮರಳಿ ಬರುವ ಹಣ ಯಾರದು?

ಕಳೆದ ದಸರೆಯ ರಜೆಯಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುರುಮಠಕಲ್ಲಿನ ನಮ್ಮ ಮನೆಗೆ ಬಂದ. ಬಿ.ಎ. ಮುಗಿಸಿ ಎರಡು ವರ್ಷಗಳಾಗಿದ್ದರೂ ಅವನಿಗೆ ಕೆಲಸ ದೊರೆತಿರಲಿಲ್ಲ. ಅಂದು ಮಾತ್ರ ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಹೊಸ ಚೀಲ, ಕೈಯಲ್ಲಿ ಬಣ್ಣಬಣ್ಣದ ಕರಪತ್ರ. ಚಹದ ಬಟ್ಟಲನ್ನು ಕೆಳಗಿಡುವ ಮೊದಲೇ ಬಂದ ಕೆಲಸವನ್ನು ಹೇಳಿಬಿಟ್ಟ.

"ಸರ್, ಒಮ್ಮಿ ಮೂರು ಸಾವಿರ ಕಟ್ಟಿ ಮೆಂಬರ್ ಆಗ್ರಿ. ಆಮ್ಯಾಲ ನೀವು ಏನು ಖರೀದಿ ಮಾಡಿದ್ರೂ ನೂರಕ್ಕ ಹತ್ತು ರೂಪಾಯಿ ತಿರುಗಿ ಬರ್ತದ. ಮತ್ತ ಐದು ಮಂದೀನ ಸೇರಿಸಿದ್ರ ಆ ಮೂರು ಸಾವಿರಾನೂ ನಿಮಗ ವಾಪಸ್ ಬರ್ತದ."

ನಾನು ಆಗಲೇ ಮನಸ್ಸಿನಲ್ಲಿ ಗುಣಾಕಾರ ತೊಡಗಿದ್ದೆ. ತಿಂಗಳ ಕಿರಾಣಿ ಇಷ್ಟು, ಮಕ್ಕಳ ಬಟ್ಟೆಬರೆ ಇಷ್ಟು, ಅದರಲ್ಲಿ ಹತ್ತನೆಯ ಒಂದು ಪಾಲು ಉಳಿದರೆ ವರ್ಷಕ್ಕೆ ಎಷ್ಟಾದೀತು? ಅಷ್ಟರಲ್ಲಿ, ನಡುಮನೆಯಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದ ನಮ್ಮ ಅವ್ವ ಮೊರದಿಂದ ತಲೆಯೆತ್ತದೆಯೇ ಕೇಳಿದಳು:

"ಅಲ್ಲಪ್ಪಾ, ತಿರುಗಿ ಕೊಡೋ ರೊಕ್ಕ ಯಾರ್ದು?"

"ಕಂಪನೀದ್ರಿ, ಆಯಿ" ಎಂದು ಹುಡುಗ ನಕ್ಕ.

"ಕಂಪನೀಗಿ ಎಲ್ಲಿಂದ ಬಂತು?"

ಹುಡುಗ ಕರಪತ್ರವನ್ನು ತಿರುವಿ ನೋಡಿದ. ಅದರಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಯೋಚಿಸಿ ಹೇಳುತ್ತೇನೆಂದು ನಾನು ಅವನನ್ನು ಬೀಳ್ಕೊಟ್ಟೆ.

ಇಂದು ಇಂಥ ಆಹ್ವಾನ ಬಾರದ ಮನೆಯೇ ಇಲ್ಲವೆನ್ನಬಹುದು. ಒಮ್ಮೆ ಮೊಬೈಲಿನ ಮೂಲಕ, ಒಮ್ಮೆ ಅಂಗಡಿಯ ಗಲ್ಲೆಯ ಬಳಿ, ಮತ್ತೊಮ್ಮೆ ನೆಂಟರ ಬಾಯಿಂದ: "ಚಂದಾ ಕಟ್ಟಿ ಸದಸ್ಯರಾಗಿ, ಕೊಂಡಾಗಲೆಲ್ಲ ಹಣ ಮರಳಿ ಪಡೆಯಿರಿ." ಇದಕ್ಕೆ 'ಕ್ಯಾಶ್‌ಬ್ಯಾಕ್' ಎಂದು ಹೆಸರು. ಸೇರಬೇಕೆ, ಬೇಡವೆ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಒಂದೇ ಪ್ರಶ್ನೆ ಇದೆ. ಅದು ಅವ್ವ ಕೇಳಿದ ಪ್ರಶ್ನೆ.

ಹಳೆಯದೊಂದು ಅಂಗಡಿ

ಕೊಂಡವನಿಗೆ ಹಣ ಹಿಂದಿರುಗಿಸುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರ ಡಿಸೆಂಬರ್ 21ರಂದು ಕೆಲವು ನೇಕಾರರೂ ಕುಶಲಕರ್ಮಿಗಳೂ ಕೂಡಿ ಒಂದು ಪುಟ್ಟ ಅಂಗಡಿಯನ್ನು ತೆರೆದರು. ಅವರಲ್ಲಿದ್ದ ಬಂಡವಾಳ ಕೇವಲ 28 ಪೌಂಡು. ಮಾರಾಟಕ್ಕಿದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ ಇಂಥ ಕೆಲವೇ ಪದಾರ್ಥಗಳು. ಕಲಬೆರಕೆಯಿಲ್ಲದ ಸಾಮಾನನ್ನು ಸರಿಯಾದ ತೂಕದಲ್ಲಿ ಮಾರುವುದು, ಉಳಿದ ಲಾಭವನ್ನು ಸದಸ್ಯರು ಎಷ್ಟೆಷ್ಟು ಕೊಂಡರೋ ಅಷ್ಟಷ್ಟಕ್ಕೆ ತಕ್ಕಂತೆ ಅವರಿಗೇ ಹಂಚುವುದು ಅವರ ನಿಯಮ. ಅಲ್ಲಿ ಸದಸ್ಯನು ಕಟ್ಟಿದ ಹಣ ಶುಲ್ಕವಾಗಿರಲಿಲ್ಲ, ಪಾಲುಬಂಡವಾಳವಾಗಿತ್ತು. ಅಂಗಡಿಯೇ ಅವನದು, ಆದುದರಿಂದ ಮರಳಿ ಬಂದ ಹಣವೂ ಅವನದೇ.

ಈ ಸಹಕಾರ ತತ್ತ್ವ ಸಾಲದ ಕ್ಷೇತ್ರದ ಮೂಲಕ ನಮ್ಮ ನಾಡಿಗೂ ಬಂದಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಅದಕ್ಕೆ ಮಹತ್ವದ ಸ್ಥಾನ. ಇಂಥ ಸಂಘಗಳಲ್ಲಿ ಸದಸ್ಯನಿಗೆ ಮತವಿದೆ. ಲೆಕ್ಕ ಕೇಳುವ ಹಕ್ಕಿದೆ.

ಇಂದಿನ ಶುಲ್ಕದ ಯೋಜನೆಗಳೂ 'ಸದಸ್ಯ' ಎಂಬ ಮಾತನ್ನೇ ಬಳಸುತ್ತವೆ. ಆದರೆ ಅಲ್ಲಿನ ಸದಸ್ಯನಿಗೆ ಮತವೂ ಇಲ್ಲ, ಲಾಭದಲ್ಲಿ ಪಾಲೂ ಇಲ್ಲ. ಆತ ಮುಂಗಡವಾಗಿ ಹಣ ಕಟ್ಟಿದ ಗಿರಾಕಿ, ಅಷ್ಟೆ. ಇದು ಮೋಸವೆಂದು ನಾನು ಹೇಳುತ್ತಿಲ್ಲ. ಗಿರಾಕಿಯು ಗಿರಾಕಿಯಾಗಿಯೇ ಲೆಕ್ಕ ಹಾಕಬೇಕೆಂಬುದಷ್ಟೇ ನನ್ನ ಮಾತು.

ಲೆಕ್ಕದ ಪುಸ್ತಕ

ಅಮೆಜಾನ್ ಸಂಸ್ಥೆಯ 'ಪ್ರೈಮ್' ಸದಸ್ಯತ್ವ ಭಾರತಕ್ಕೆ ಬಂದದ್ದು 2016ರ ಜುಲೈ ತಿಂಗಳಲ್ಲಿ. ಆಗ ವರ್ಷದ ಆರಂಭಿಕ ಶುಲ್ಕ 499 ರೂಪಾಯಿ. ಮುಂದೆ ಅದು 999 ಆಯಿತು. 2021ರ ಡಿಸೆಂಬರಿನಲ್ಲಿ 1,499ಕ್ಕೆ ಏರಿತು. ಐದೂವರೆ ವರ್ಷಗಳಲ್ಲಿ ಮೂರು ಪಟ್ಟು! ಮೊದಲ ವರ್ಷದ ಬೆಲೆಯನ್ನು ನೋಡಿ ಸೇರಿದವರು ಎರಡನೆಯ, ಮೂರನೆಯ ವರ್ಷದ ಬೆಲೆಯನ್ನೂ ನೋಡಬೇಕೆಂಬುದಕ್ಕೆ ಇದು ನಿದರ್ಶನ.

ಇನ್ನು ಮರಳಿ ಬರುವ ಹಣದ ಮಾತು. 2018ರಲ್ಲಿ ಅದೇ ಸಂಸ್ಥೆಯು ಐಸಿಐಸಿಐ ಬ್ಯಾಂಕಿನೊಡನೆ ಕೂಡಿ ಒಂದು ಕ್ರೆಡಿಟ್ ಕಾರ್ಡನ್ನು ತಂದಿತು. ತನ್ನಲ್ಲಿ ಕೊಂಡ ವಸ್ತುಗಳಿಗೆ ಪ್ರೈಮ್ ಸದಸ್ಯರಾದರೆ ಶೇಕಡಾ 5, ಇತರರಿಗೆ ಶೇಕಡಾ 3 ಮರಳಿ ಕೊಡುವುದು ಅದರ ಕ್ರಮ. ಇಲ್ಲಿಯೇ ನಾವು ಎಡವುವುದು. "ನೂರಕ್ಕೆ ಐದು ಬರುತ್ತದೆ" ಎಂದು ಹಿಗ್ಗುತ್ತೇವೆ. ಆದರೆ ಅದರಲ್ಲಿ ಮೂರು ರೂಪಾಯಿ ಶುಲ್ಕ ಕಟ್ಟದವನಿಗೂ ಬರುವಂಥದು. ಶುಲ್ಕದಿಂದ ಹೆಚ್ಚಾಗಿ ಬಂದದ್ದು ಎರಡೇ ರೂಪಾಯಿ. ಆ ಎರಡರಿಂದಲೇ 1,499 ರೂಪಾಯಿಯನ್ನು ತುಂಬಿಕೊಳ್ಳಬೇಕಾದರೆ ವರ್ಷಕ್ಕೆ ಸುಮಾರು 75,000 ರೂಪಾಯಿಯ, ಎಂದರೆ ತಿಂಗಳಿಗೆ 6,250 ರೂಪಾಯಿಯ ಸಾಮಾನನ್ನು ಅದೊಂದೇ ಅಂಗಡಿಯಲ್ಲಿ ಕೊಳ್ಳಬೇಕು. ಸಾಗಣೆ ವೆಚ್ಚದ ಉಳಿತಾಯ, ಮನೆಮಂದಿ ನೋಡುವ ಚಲನಚಿತ್ರ ಇವುಗಳನ್ನೂ ಸೇರಿಸಿಕೊಳ್ಳಿ, ತಪ್ಪಿಲ್ಲ. ಆದರೆ ನಿಜವಾಗಿ ಎಷ್ಟು ಬಳಸಿದಿರೋ ಅಷ್ಟನ್ನೇ ಸೇರಿಸಿ.

ಅಮೆರಿಕದಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ಕಾಸ್ಟ್‌ಕೋ ಎಂಬ ಅಂಗಡಿಯ ಹೆಸರನ್ನು ಕೇಳದವರು ವಿರಳ. ಚಂದಾ ಕಟ್ಟದೆ ಅಲ್ಲಿ ಸಾಮಾನ್ಯವಾಗಿ ಕೊಳ್ಳುವಂತಿಲ್ಲ. 2024ರ ಸೆಪ್ಟೆಂಬರಿನಿಂದ ಸಾಮಾನ್ಯ ಚಂದಾ ವರ್ಷಕ್ಕೆ 65 ಡಾಲರು. ಕೊಂಡದ್ದರಲ್ಲಿ ಶೇಕಡಾ 2 ಮರಳಿ ಬರುವ ಮೇಲ್ತರಗತಿಯ ಚಂದಾ 130 ಡಾಲರು. ಹೆಚ್ಚಿನ 65 ಡಾಲರು ಮರಳಬೇಕಾದರೆ ವರ್ಷಕ್ಕೆ 3,250 ಡಾಲರಿನ ವ್ಯಾಪಾರವಾಗಬೇಕು. ತುಂಬಿದ ಸಂಸಾರಕ್ಕೆ ಇದು ಕಷ್ಟವಲ್ಲ. ಒಂಟಿಯಾಗಿರುವ ವಿದ್ಯಾರ್ಥಿಗೆ ದಂಡ. ಆ ಅಂಗಡಿಯ ಲಾಭದ ದೊಡ್ಡ ಪಾಲು ಬರುವುದೂ ಚಂದಾದಿಂದಲೇ. ಸರಕಿನ ಮೇಲೆ ಇಡುವ ಲಾಭ ತೆಳುವಾದುದು. ಸದಸ್ಯತ್ವ ತೃಪ್ತಿ ಕೊಡದಿದ್ದರೆ ಚಂದಾ ಹಿಂದಿರುಗಿಸುವ ವಾಗ್ದಾನವೂ ಅಲ್ಲುಂಟು. 'ಹಣ ಯಾರದು?' ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸ್ಪಷ್ಟ: ನಮ್ಮದೇ, ಮೊದಲೇ ಕೊಟ್ಟದ್ದು.

ಇಷ್ಟೆಲ್ಲ ಬರೆಯುವ ನಾನು ಸ್ವತಃ ಜಾಣನೆಂದು ವಾಚಕರು ಭಾವಿಸಬಾರದು. ಒಂದು ವರ್ಷ ನಾನೂ ಒಂದು ಸಂಸ್ಥೆಗೆ 999 ರೂಪಾಯಿ ಕಟ್ಟಿ ಸದಸ್ಯನಾಗಿದ್ದೆ. ನನ್ನ ಮನೆಯವರು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಇದರ ಲೆಕ್ಕವನ್ನು ಬರೆದಿಟ್ಟಿದ್ದರು. ತರಿಸಿದ ಗಂಟುಗಳು ಹದಿನೆಂಟು. ಒಂದೊಂದಕ್ಕೆ 40 ರೂಪಾಯಿಯಂತೆ ಸಾಗಣೆಯಲ್ಲಿ ಉಳಿದದ್ದು 720. ಮರಳಿ ಬಂದದ್ದು 165. ಒಟ್ಟು 885. ಅಲ್ಲಿಗೆ 114 ರೂಪಾಯಿ ನಷ್ಟ. ಅದು ದೊಡ್ಡದಲ್ಲ. ಆದರೆ ಅವರು ಅದರ ಕೆಳಗೆ ಇನ್ನೊಂದು ಪಟ್ಟಿ ಬರೆದಿದ್ದರು: ಎರಡನೆಯ ಗೋಡೆ ಗಡಿಯಾರ, ಯಾರೂ ಏರದ ತೂಕದ ಯಂತ್ರ, ಮುಚ್ಚಳ ಸರಿಯಾಗಿ ಕೂಡದ ಡಬ್ಬಿಗಳು. "ಮೆಂಬರ್ ಆಗದಿದ್ರ ಇವನ್ನೆಲ್ಲ ತರಿಸ್ತಿದ್ರೇನ್ರಿ?" ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಚಂದಾ ಕಟ್ಟಿದವನಿಗೆ ಕೊಳ್ಳದೆ ಇದ್ದರೆ ನಷ್ಟವೆನಿಸುತ್ತದೆ. ಅದರ ಮೇಲೆ, ಬೆಂಗಳೂರಿನ ಮನೆಗೆ ಮರುದಿನವೇ ಬರುವ ಗಂಟು ನಮ್ಮಂಥ ಸಣ್ಣ ಊರಿಗೆ ಹಲವು ದಿನಗಳ ಮೇಲೆ ಬರುವುದುಂಟು. ಚಂದಾ ಮಾತ್ರ ಇಬ್ಬರಿಗೂ ಒಂದೇ.

ಉದ್ರಿಯೂ ಮುಂಗಡವೂ

ನಮ್ಮ ಸೀಮೆಯ ಕಿರಾಣಿ ಅಂಗಡಿಯಲ್ಲಿ 'ಉದ್ರಿ' ಎಂಬುದೊಂದುಂಟು. ಒಕ್ಕಲಿಗನು ವರ್ಷವೆಲ್ಲ ಸಾಮಾನು ಒಯ್ದು ತೊಗರಿಯ ರಾಶಿಯಾದ ಮೇಲೆ ಲೆಕ್ಕ ಚುಕ್ತಾ ಮಾಡುತ್ತಾನೆ. ಅದರಲ್ಲಿ ದೋಷವಿಲ್ಲವೆಂದಲ್ಲ, ಬಡ್ಡಿಯು ಬೆಲೆಯೊಳಗೆ ಅಡಗಿ ಕುಳಿತಿರಬಹುದು. ಆದರೂ ಅಲ್ಲಿ ನಂಬಿದವನು ಅಂಗಡಿಯವನು. ಮುಂಗಡ ಯೋಜನೆಯಲ್ಲಾದರೋ ನಂಬುವವರು ನಾವು.

ಬಿಗ್ ಬಜಾರ್ ಅಂಗಡಿಗಳಲ್ಲಿ ಹಿಂದೆ ಒಂದು ಯೋಜನೆಯಿತ್ತು. ಒಮ್ಮೆಲೆ 10,000 ರೂಪಾಯಿ ಕಟ್ಟಿದರೆ ತಿಂಗಳಿಗೆ 1,000ದಂತೆ ಹನ್ನೆರಡು ತಿಂಗಳು, ಒಟ್ಟು 12,000 ರೂಪಾಯಿಯ ಸಾಮಾನು. ಲೆಕ್ಕಕ್ಕೆ ಇದು ಬ್ಯಾಂಕಿನ ಠೇವಣಿಗಿಂತ ಎಷ್ಟೋ ಮೇಲು. ಆದರೆ ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. ಅಂಗಡಿಗೆ ಕಟ್ಟಿದ ಮುಂಗಡಕ್ಕೆ ಅಂಥದಿಲ್ಲ. ದೇಶದ ಊರೂರಿನಲ್ಲಿದ್ದ ಆ ಬೃಹತ್ ಅಂಗಡಿಗಳ ಸರಣಿಯೇ 2022ರಲ್ಲಿ ಕಳಚಿತು. ಅದನ್ನು ನಡೆಸುತ್ತಿದ್ದ ಸಂಸ್ಥೆ ದಿವಾಳಿ ವಿಚಾರಣೆಗೆ ಒಳಗಾಯಿತು. ಅಂಗಡಿ ಎಷ್ಟೇ ದೊಡ್ಡದಾಗಿರಲಿ, ಮುಂಗಡ ಕೊಟ್ಟವನು ಅದಕ್ಕೆ ಸಾಲ ಕೊಟ್ಟವನೇ ಸರಿ. ಬಾಗಿಲು ಮುಚ್ಚಿದರೆ ನಷ್ಟವಾಗದಷ್ಟು ಮೊತ್ತವನ್ನೇ ಕಟ್ಟುವುದು ವಿವೇಕ.

ಐದು ಮಂದಿಯ ಏಣಿ

ಈಗ ನನ್ನ ವಿದ್ಯಾರ್ಥಿಯ ಕರಪತ್ರಕ್ಕೆ ಬರೋಣ. ಅದರ ನಿಜವಾದ ಸರಕು ಅಕ್ಕಿಯೂ ಅಲ್ಲ, ಬಟ್ಟೆಯೂ ಅಲ್ಲ. "ಐದು ಮಂದಿಯನ್ನು ಸೇರಿಸಿ" ಎಂಬ ಮಾತು. ಒಬ್ಬ ಐವರನ್ನು, ಆ ಐವರು ಇಪ್ಪತ್ತೈದು ಮಂದಿಯನ್ನು ಸೇರಿಸುತ್ತ ಹೋದರೆ ಏಳನೆಯ ಮೆಟ್ಟಿಲಿನ ಹೊತ್ತಿಗೆ 19,531 ಮಂದಿ ಬೇಕು. ಅವರಲ್ಲಿ ಕೊನೆಯ ಮೆಟ್ಟಿಲಿನವರೇ 15,625. ಸಣ್ಣ ಪಟ್ಟಣವೊಂದರ ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲರೂ ಸೇರಿದರೂ ಸಾಲದು! ಮೇಲಿನವನಿಗೆ ಮರಳುವ ಮೂರು ಸಾವಿರವು ಕೆಳಗಿನವರು ಕಟ್ಟಿದ ಚಂದಾದಿಂದಲೇ ಬರಬೇಕು. ಏಣಿ ನಿಂತ ದಿನ ಐವರಲ್ಲಿ ನಾಲ್ವರ ಕೈ ಬರಿದು. ಅವ್ವನ ಪ್ರಶ್ನೆಗೆ ಉತ್ತರ ಇದೇ: ಆ ರೊಕ್ಕ ಕಂಪನಿಯದಲ್ಲ, ಪಕ್ಕದ ಮನೆಯವರದು.

ಜನರನ್ನು ಸೇರಿಸಿದುದಕ್ಕೇ ಹಣ ಕೊಡುವ ಇಂಥ ಹಣ ಪರಿಚಲನೆಯ ಯೋಜನೆಗಳನ್ನು 1978ರ ಕಾಯಿದೆಯೇ ನಿಷೇಧಿಸಿದೆ. 2021ರ ಡಿಸೆಂಬರಿನಲ್ಲಿ ಹೊರಟ ನೇರ ಮಾರಾಟದ ನಿಯಮಗಳೂ ಪಿರಮಿಡ್ ಯೋಜನೆಗಳಿಗೆ ಅವಕಾಶ ಕೊಡುವುದಿಲ್ಲ. ಗೊತ್ತಿಲ್ಲದೆ ಸೇರಿಸಿದೆನೆಂಬುದು ಸೇರಿಸಿದವನನ್ನು ಸುಲಭವಾಗಿ ಪಾರುಮಾಡುವುದಿಲ್ಲ.

ನ್ಯಾಯವಾದ ಯೋಜನೆಗಳಲ್ಲಿಯೂ ಎಚ್ಚರ ಬೇಕು. ಸೇರಲು ಒಂದು ಗುಂಡಿ, ಬಿಡಲು ಹತ್ತು ಬಾಗಿಲು ಇಡುವ ತಂತ್ರವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ಖಾತೆಯಿಂದ ಚಂದಾ ತಾನಾಗಿ ಕಡಿತವಾಗುವ ಏರ್ಪಾಡಿದ್ದರೆ, 24 ಗಂಟೆ ಮೊದಲು ತಿಳಿವಳಿಕೆ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಆ ಸಂದೇಶವನ್ನು ಓದದೆ ಅಳಿಸಬೇಡಿ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕಂಪನಿಯ ಕಚೇರಿ ದೂರದ ನಗರದಲ್ಲಿದ್ದರೂ 2019ರ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು.

ಹಾಗಾದರೆ ಸೇರಬೇಕೆ? ಕಳೆದ ಹನ್ನೆರಡು ತಿಂಗಳಲ್ಲಿ ಆ ಅಂಗಡಿಯಲ್ಲಿ ನೀವು ನಿಜವಾಗಿ ಎಷ್ಟು ಕೊಂಡಿರಿ ಎಂಬುದನ್ನು ಮೊದಲು ಬರೆಯಿರಿ. ಮುಂದೆ ಕೊಳ್ಳುವೆನೆಂಬ ಊಹೆ ಬೇಡ. ಚಂದಾ ಕಟ್ಟದವನಿಗೆ ಸಿಗದೆ ನಿಮಗೆ ಮಾತ್ರ ಸಿಗುವ ಲಾಭವನ್ನಷ್ಟೇ ಕೂಡಿಸಿ. ಅದು ಚಂದಾಗಿಂತ ಹೆಚ್ಚಾದರೆ ಧಾರಾಳವಾಗಿ ಸೇರಿ, ಕಡಿಮೆಯಾದರೆ ಬಿಡಿ. ಸಮಸಮವಾದರೂ ಬಿಡುವುದೇ ಲೇಸು, ಏಕೆಂದರೆ ಗೋಡೆ ಗಡಿಯಾರದ ಲೆಕ್ಕ ಆಮೇಲೆ ಬರುತ್ತದೆ. ಇನ್ನೊಬ್ಬರನ್ನು ಸೇರಿಸಿದರೆ ಮಾತ್ರ ಹಣ ಬರುವುದಾದರೆ ಲೆಕ್ಕ ಹಾಕುವ ಶ್ರಮವೂ ಬೇಡ.

ಸಂಕ್ರಾಂತಿ ಕಳೆದು ಕೆಲವು ದಿನಗಳಾದ ಮೇಲೆ ಆ ಹುಡುಗ ಮತ್ತೆ ಬಂದ. ಈ ಸಲ ಚೀಲವೂ ಇರಲಿಲ್ಲ, ಕರಪತ್ರವೂ ಇರಲಿಲ್ಲ. ಕರಪತ್ರದಲ್ಲಿದ್ದ ಫೋನು ಯಾರೂ ಎತ್ತುತ್ತಿಲ್ಲವಂತೆ. ಅವನು ಸೇರಿಸಿದವರು ಮೂವರೇ, ಮೂವರೂ ಬಂಧುಗಳು. ಮಕ್ಕಳಿಗೆ ಪಾಠ ಹೇಳಿ ಬಂದ ಹಣದಲ್ಲಿ ಒಬ್ಬರದನ್ನು ತೀರಿಸಿದ್ದ.

"ರೊಕ್ಕ ಹ್ಯಾಂಗರ ಮಾಡಿ ಕೊಡ್ತೀನ್ರಿ ಸರ್. ಆದ್ರ ಚಿಗವ್ವನ ಮನೀಗಿ ಹೋಗಾಕ ಮುಖ ಇಲ್ದಂಗ ಆಗ್ಯದ್ರಿ" ಎಂದ.

ಅವ್ವ ಒಳಗಿನಿಂದ ಎರಡು ರೊಟ್ಟಿ, ಬೇಳೆಯ ಪಲ್ಯ ತಂದು ಅವನ ಮುಂದಿಟ್ಟಳು. "ಮೊದಲ ಅಕಿ ಮನೀಗಿ ಹೋಗಪ್ಪಾ, ರೊಕ್ಕ ಆಮ್ಯಾಲ" ಎಂದಳು. ಹುಡುಗ ಉಂಡು ಎದ್ದವನು ತನ್ನ ಮನೆಯ ಹಾದಿ ಹಿಡಿಯಲಿಲ್ಲ. ಚಿಗವ್ವನ ಓಣಿಯ ಕಡೆಗೆ ತಿರುಗಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.