ಲಕ್ಷದ ಸ್ಪೀಕರ್‌ಗೆ ಮೊಳ ಜಾಗ ಕೊಡಿ

ಸೊಲ್ಲಾಪುರ: ಕೊರೊನಾ ಬಂದ 2020ರಲ್ಲಿ ಎಷ್ಟೋ ಮನೆಗಳ ಒಂದು ಖೋಲಿ ಆಫೀಸಾಯಿತು. ಲೆಕ್ಕಪತ್ರ ಬರೆಯುವವರು, ತೆರಿಗೆ ಸಲಹೆಗಾರರು, ಪುಣೆ-ಬೆಂಗಳೂರಿನ ಕಂಪನಿಗಳಿಗೆ ಮನೆಯಿಂದಲೇ ದುಡಿಯುವ ಹುಡುಗರು, ಹೀಗೆ ಹಲವರಿಗೆ ಅದೇ ಇಂದಿಗೂ ಕಚೇರಿ. ದಿನಕ್ಕೆ ಎಂಟು ತಾಸು ಒಬ್ಬರೇ ಕೂಡುವ ಜಾಗ. ಜೊತೆಗೊಂದಿಷ್ಟು ಹಾಡು ಬೇಕು ಅನ್ನಿಸುವುದು ಸಹಜ. ಮೊಬೈಲಿನ ಕೀರಲು ದನಿ ಸಾಕಾದವರು 'ಬುಕ್‌ಶೆಲ್ಫ್ ಸ್ಪೀಕರ್' ಜೋಡಿಯ ಮೇಲೆ ಕಣ್ಣು ಹಾಕುತ್ತಾರೆ. ಲಕ್ಷ ರೂಪಾಯಿ ದಾಟುವ ಜೋಡಿಗಳೂ ಇವೆ.

ತಂದದ್ದೇ ತಡ, ಟೇಬಲ್ ಮೇಲೆ ಗೋಡೆಗೆ ಒತ್ತಿ ಇಟ್ಟು ಹಾಡು ಹಚ್ಚುತ್ತಾರೆ. ಆಗ ಮನೆಯ ಹಿರಿಯರಿಂದ ಇಂಥ ಮಾತು ಬಂದರೆ ಆಶ್ಚರ್ಯವಿಲ್ಲ: "ಏನೋ ತಮ್ಮಾ, ಇಷ್ಟು ರೊಕ್ಕಾ ಸುರದಿ. ಹಾಡಾಂವ ಕೊಡದಾಗ ಕುಂತು ಹಾಡಿದಂಗ ಕೇಳಸ್ತದಲ್ಲೋ!"

ಹಿರಿಯರ ಕಿವಿ ಸುಳ್ಳು ಹೇಳುವುದಿಲ್ಲ. ಆದರೆ ತಪ್ಪು ಸ್ಪೀಕರಿನದಲ್ಲ, ಇಟ್ಟ ಜಾಗದ್ದು. ಮಂದ್ರದ ಗುಂಯ್‌ಗುಡುವಿಕೆ ಹೆಚ್ಚಾದರೆ ಅದು ಮೊದಲು ನುಂಗುವುದು ವ್ಯಂಜನಗಳನ್ನು. ಸ್ವರ ಕೇಳುತ್ತದೆ, ಸಾಹಿತ್ಯ ಕೇಳುವುದಿಲ್ಲ. ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದಿ, ಕನ್ನಡವನ್ನು ಕಿವಿಯಿಂದಲೇ ಕಲಿಯುವ ಗಡಿಯಾಚೆಯ ಮನೆಗಳಲ್ಲಿ ಇದು ಸಣ್ಣ ನಷ್ಟವಲ್ಲ. ವಚನ ಹಾಡಿದರೆ ಒಂದೊಂದು ಒತ್ತಕ್ಷರವೂ ಕೇಳಬೇಕು.

ಹೆಸರಿಗೆ ಮಾತ್ರ ಕಪಾಟು

'ಬುಕ್‌ಶೆಲ್ಫ್' ಎಂಬುದು ಅಳತೆಯ ಹೆಸರು. ಕಪಾಟಿನಲ್ಲಿ ಹಿಡಿಸುವಷ್ಟು ಚಿಕ್ಕದು ಎಂದರ್ಥ, ಕಪಾಟಿನಲ್ಲೇ ಇಡಬೇಕೆಂದಲ್ಲ. ಈ ಬಗೆಯ ಸ್ಪೀಕರಿಗೆ ದೊಡ್ಡ ಹೆಸರು ತಂದದ್ದು ಬಿಬಿಸಿ. ಹೊರಾಂಗಣ ಪ್ರಸಾರದ ವ್ಯಾನಿನಂಥ ಇಕ್ಕಟ್ಟು ಜಾಗದಲ್ಲಿ ಎಂಜಿನಿಯರು ಕೂತು ದನಿ ಪರೀಕ್ಷಿಸಬೇಕಿತ್ತು. ಅದಕ್ಕಾಗಿ 1970ರ ದಶಕದಲ್ಲಿ ಅಲ್ಲಿನ ತಂತ್ರಜ್ಞರು ಸುಮಾರು 30 ಸೆಂ.ಮೀ. ಎತ್ತರದ 'ಎಲ್‌ಎಸ್3/5ಎ' ಪೆಟ್ಟಿಗೆ ರೂಪಿಸಿದರು. ಮನುಷ್ಯರ ಮಾತು ಸಹಜವಾಗಿ ಕೇಳುವುದೇ ಅದರ ಹೆಗ್ಗಳಿಕೆ.

ಅದಕ್ಕೆ ಬಿಡಿಭಾಗ ಒದಗಿಸಿದ ಇಂಗ್ಲೆಂಡಿನ ಕೆಇಎಫ್ ಕಂಪನಿ, ತನಗೆ 50 ವರ್ಷ ತುಂಬಿದ ನೆನಪಿಗೆ 2012ರಲ್ಲಿ 'ಎಲ್‌ಎಸ್50' ತಂದಿತು. 2020ರಲ್ಲಿ ಬಂದ 'ಎಲ್‌ಎಸ್50 ಮೆಟಾ' ಅದರ ತಮ್ಮ. ಇದೂ 30 ಸೆಂ.ಮೀ. ಎತ್ತರ, 20 ಸೆಂ.ಮೀ. ಅಗಲವೇ. ತಾರದ ದನಿ ಹೊರಡಿಸುವ ಟ್ವೀಟರ್ ಇದರಲ್ಲಿ ದೊಡ್ಡ ಕೋನಿನ ನಟ್ಟನಡುವೆ ಕೂತಿದೆ. ಮನೆಯ ಆಫೀಸಿಗೆ ಉದಾಹರಣೆಯಾಗಿ ಇದನ್ನೇ ನೋಡಬಹುದು.

ಗೋಡೆಯ ಆಟ

ಮಂದ್ರದ ದನಿ ಸ್ಪೀಕರಿನ ಮುಂದಷ್ಟೇ ಅಲ್ಲ, ಸುತ್ತಲೂ ಹರಡುತ್ತದೆ. ಹಿಂದೆ ಹೋದ ದನಿ ಗೋಡೆಗೆ ಬಡಿದು ಮರಳಿ ಬಂದು ಮುಂದಿನದರ ಜೊತೆ ಕೂಡಿಕೊಳ್ಳುತ್ತದೆ. ಕೆಲವು ಸ್ವರ ಉಬ್ಬುತ್ತವೆ, ಕೆಲವು ಕುಗ್ಗುತ್ತವೆ. ಲೆಕ್ಕ ಸರಳ. ದನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸ್ಪೀಕರಿನ ಮುಖದಿಂದ ಗೋಡೆಗಿರುವ ದೂರವನ್ನು ನಾಲ್ಕರಿಂದ ಗುಣಿಸಿ, 343ನ್ನು ಅದರಿಂದ ಭಾಗಿಸಿದರೆ ಕುಗ್ಗುವ ಸ್ವರ ಸಿಗುತ್ತದೆ. ದೂರ 62 ಸೆಂ.ಮೀ. ಇದ್ದರೆ ಉತ್ತರ 138 ಹರ್ಟ್ಸ್. ಹಾರ್ಮೋನಿಯಮ್ ಬಲ್ಲವರಿಗೆ ಗೊತ್ತು, ಕಪ್ಪು ಒಂದರಲ್ಲಿ ಹಾಡುವ ಗಂಡಸಿನ ಷಡ್ಜವೇ ಅದು!

ಆದ್ದರಿಂದ ಗೋಡೆಗೆ ಒತ್ತಬೇಡಿ, ಮೂಲೆಗಂತೂ ಬೇಡವೇ ಬೇಡ. ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ನಡುವೆ ಮೊಳದಷ್ಟು ಜಾಗ ಬಿಟ್ಟು ಶುರು ಮಾಡಿ. ಅಲ್ಲಿಂದ ನಾಲ್ಕು ನಾಲ್ಕು ಬೆರಳು ಹಿಂದೆ ಮುಂದೆ ಸರಿಸುತ್ತಾ ಕೇಳಿ. ಅಷ್ಟು ಜಾಗವೇ ಇಲ್ಲವೆ? ಎಲ್‌ಎಸ್50ಯಂತೆ ಬೆನ್ನಲ್ಲಿ ತೂತಿರುವ ಕೆಲವು ಸ್ಪೀಕರುಗಳ ಜೊತೆ ಸ್ಪಂಜಿನ ಬಿರಡೆ ಬರುತ್ತದೆ. ಅದನ್ನು ತುರುಕಿದರೆ ಗುಂಯ್‌ಗುಡುವುದು ತಗ್ಗುತ್ತದೆ.

ಕುರ್ಚಿಯೋ, ಗಾದಿಯೋ?

ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನವಾಗಬೇಕು. ಸ್ಪೀಕರುಗಳ ನಡುವೆ ಮೀಟರು ದೂರವಿದ್ದರೆ ನೀವೂ ಅವುಗಳಿಂದ ಮೀಟರು ದೂರ. ಮುಖ ತುಸು ನಿಮ್ಮ ಕಡೆ ತಿರುಗಿರಲಿ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ. ಕುರ್ಚಿಯಲ್ಲಿ ಕೂತು, ನೆಲದಿಂದ ಕಿವಿಗೆ ಟೇಪು ಹಿಡಿದು ಅಳೆಯುವುದೇ ವಾಸಿ. ಹಳೆ ಪದ್ಧತಿಯಂತೆ ಗಾದಿ ಮೇಲೆ ಲೋಡಿಗೆ ಒರಗಿ ಲೆಕ್ಕ ಬರೆಯುವವರಾದರೆ ಕಿವಿ ಎರಡೂವರೆ ಅಡಿ ಆಸುಪಾಸಿನಲ್ಲಿರುತ್ತದೆ. ಅಂಥವರಿಗೆ ಗಿಡ್ಡ ಸ್ಟ್ಯಾಂಡೇ ಬೇಕು.

ಟೇಬಲ್ ಕೂಡ ಕನ್ನಡಿಯಂತೆ. ದನಿ ಅದರ ಮೇಲೆ ಬಡಿದು ಕಿವಿಗೆ ತುಸು ತಡವಾಗಿ ಬರುತ್ತದೆ, ಮಾತು ಕಲಸಿದಂತಾಗುತ್ತದೆ. ಟೇಬಲಿನ ಹಿಂದೆ, ನೆಲದ ಮೇಲೆ ಭಾರವಾದ ಸ್ಟ್ಯಾಂಡ್ ನಿಲ್ಲಿಸುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಟೇಬಲಿನ ಮುಂದಿನ ಅಂಚಿನ ಹತ್ತಿರ ತಂದು, ಕೆಳಗೆ ರಬ್ಬರ್ ಹಾಸಿ, ತುಸು ಎತ್ತರಿಸಿ ಇಡಿ.

ಫರಸಿ ಮತ್ತು ಚಾದರ

ಕೆಳಗೆ ಶಹಾಬಾದ್ ಫರಸಿ, ಮೇಲೆ ಸ್ಲ್ಯಾಬು, ಸುತ್ತ ಪ್ಲಾಸ್ಟರ್ ಗೋಡೆ. ಇಂಥ ಬರಿಯ ಖೋಲಿಯಲ್ಲಿ ಒಮ್ಮೆ ಚಪ್ಪಾಳೆ ಹೊಡೆದು ನೋಡಿ. 'ಟರ್ರ್' ಎಂದು ಮರುದನಿ ಬಂದರೆ ಹಾಡಿಗೂ ಅದೇ ಗತಿ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿ. ಅಕ್ಕಪಕ್ಕದ ಗೋಡೆಗೆ ನಮ್ಮ ಸೊಲ್ಲಾಪುರಿ ಚಾದರ ಮಡಿಸಿ, ಗೋಡೆಯಿಂದ ಗೇಣು ದೂರಕ್ಕೆ ತೂಗಿಬಿಟ್ಟರೂ ಫರಕು ಗೊತ್ತಾಗುತ್ತದೆ. ಪುಸ್ತಕ, ಹಳೆಯ ಕಿರ್ದಿ-ಖತಾವಣಿ ತುಂಬಿದ ಕಪಾಟು ಹಿಂಬದಿಯ ಗೋಡೆಗಿದ್ದರೆ ಮತ್ತೂ ಒಳ್ಳೆಯದು.

ಆದರೆ ಬಟ್ಟೆ ಹೀರುವುದು ತಾರದ ದನಿಯನ್ನು ಮಾತ್ರ, ಮಂದ್ರ ಅದಕ್ಕೆ ಜಗ್ಗದು. ಅದಕ್ಕೆ ಜಾಗ ಬದಲಿಸುವುದೇ ಮದ್ದು. 10×10 ಅಡಿಯ ಚೌಕ ಖೋಲಿಯಲ್ಲಿ 56 ಹರ್ಟ್ಸ್ ಹತ್ತಿರದ ದನಿ ಗೋಡೆಗುಂಟ ಉಬ್ಬುತ್ತದೆ, ನಟ್ಟನಡುವೆ ಮಾಯವಾಗುತ್ತದೆ. ಹಾಗಾಗಿ ಗೋಡೆಗೆ ಒರಗಿಯೂ ಕೂಡಬೇಡಿ, ಖೋಲಿಯ ಮಧ್ಯದಲ್ಲೂ ಕೂಡಬೇಡಿ.

ರೊಕ್ಕ ಎಲ್ಲಿ ಉಳಿಸಬಹುದು?

ತಂತಿಯಲ್ಲಿ. ಮೂರು ಮೀಟರಿನೊಳಗಿನ ದೂರಕ್ಕೆ 1.5 ಚದರ ಮಿ.ಮೀ.ನ ಒಳ್ಳೆ ತಾಮ್ರದ ತಂತಿ ಧಾರಾಳ ಸಾಕು. ಕೆಂಪಿಗೆ ಕೆಂಪು, ಕರಿಗೆ ಕರಿ ಜೋಡಿಸುವುದನ್ನು ಮಾತ್ರ ಮರೆಯಬಾರದು.

ಆಂಪ್ಲಿಫೈಯರಿನಲ್ಲೂ ಭಾರಿ ವ್ಯಾಟು ಬೇಕಿಲ್ಲ. ಎಲ್‌ಎಸ್50 ಮೆಟಾಗೆ ಕಂಪನಿ ಹೇಳುವುದು 40ರಿಂದ 100 ವ್ಯಾಟ್. ಆದರೆ ಮೀಟರು ದೂರ ಕೂತವರಿಗೆ ಒಂದೇ ವ್ಯಾಟಿಗೆ 85 ಡೆಸಿಬೆಲ್ ಬರುತ್ತದೆ. ವಾರಕ್ಕೆ 40 ತಾಸು ಕೇಳುವವರು 80 ಡೆಸಿಬೆಲ್ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಿಕ್ಕ ವ್ಯಾಟು ತಬಲಾದ ಥಾಪಿನಂಥ ಕ್ಷಣದ ಏಟಿಗೆ ಕಾದಿಟ್ಟದ್ದು ಅಷ್ಟೆ.

ಕಂಪ್ಯೂಟರ್ ಜೋಡಿಸಿದ ಕೂಡಲೇ 'ಹುಂ' ಎಂಬ ಸದ್ದು ಬಂದರೆ ಎರಡನ್ನೂ ಒಂದೇ ಬೋರ್ಡಿನ ಪ್ಲಗ್ಗಿಗೆ ಹಾಕಿ ನೋಡಿ. ಸದ್ದು ಹೋಗಲಿ ಎಂದು ಅರ್ಥಿಂಗ್ ಪಿನ್ ಕಿತ್ತುಹಾಕುವವರಿದ್ದಾರೆ. ಅದು ಜೀವಕ್ಕೇ ಅಪಾಯ.

ತಂಬೂರಿಯೇ ಪರೀಕ್ಷಕ

ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಮೊದಲು ಹಳೆಯ ಗ್ರಾಮೊಫೋನ್ ಕಾಲದ ಧ್ವನಿಮುದ್ರಣವೊಂದನ್ನು ಹಚ್ಚಿ. ಆ ಕಾಲದವು ಮೋನೊ, ಎರಡೂ ಕಡೆ ಒಂದೇ ದನಿ. ಹಾಡುವವರು ಎರಡು ಸ್ಪೀಕರುಗಳ ನಟ್ಟನಡುವೆ, ಬರಿಯ ಗಾಳಿಯಲ್ಲಿ ಕೂತಂತೆ ಕೇಳಬೇಕು. ದನಿ ಚದುರಿದರೆ ಕೆಂಪು-ಕರಿ ತಂತಿ ಅದಲುಬದಲಾಗಿದೆ, ಇಲ್ಲವೆ ತ್ರಿಕೋನ ಸೊಟ್ಟಗಿದೆ.

ಆಮೇಲೆ ತಂಬೂರಿ. ಜತ್ತ ಸೇರಿರುವ ಸಾಂಗ್ಲಿ ಜಿಲ್ಲೆಯದೇ ಊರು ಮಿರಜ. ಅಲ್ಲಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. ಅದಕ್ಕೆ ಬೇಕಾದ ಬುರುಡೆ ಬೆಳೆಯುವುದು ನಮ್ಮ ಜಿಲ್ಲೆಯ ಪಂಢರಪುರದ ಕಡೆ. ಕಪ್ಪು ಒಂದಕ್ಕೆ ಶ್ರುತಿ ಮಾಡಿದ ತಂಬೂರಿಯ ಜೋಡಿ ತಂತಿ 138, ಖರ್ಜ 69 ಹರ್ಟ್ಸ್. ಚಿಕ್ಕ ಪೆಟ್ಟಿಗೆ 69ನ್ನು ಪೂರ್ತಿ ಕೊಡಲಾರದು. ಆದರೂ ತಂತಿಯ ಮೇಲಿನ ನಾದಗಳು ಚೊಕ್ಕವಾಗಿ ಬಂದರೆ ಕಿವಿ ತಾನೇ ಖರ್ಜವನ್ನು ತುಂಬಿಕೊಳ್ಳುತ್ತದೆ. ನಾಲ್ಕು ತಂತಿ ನಾಲ್ಕಾಗಿ ಕೇಳಿದವೇ? ಜಾಗ ಸರಿ. ಒಂದು ತಂತಿ ಮಾತ್ರ ಗುಂಯ್ ಎಂದಿತೇ? ಮತ್ತೆ ನಾಲ್ಕು ಬೆರಳು ಸರಿಸಿ.

ಮಿರಜದಲ್ಲಿ ಗುರುಗಳ ಬಳಿ ಕಲಿತು, ಮುಂದೆ ವಚನಗಳನ್ನೂ ಹಾಡಿದ ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣಗಳು ಇಂದು ಮೊಬೈಲಿನಲ್ಲೇ ಸಿಗುತ್ತವೆ. ಸರಿಯಾಗಿ ಇಟ್ಟ ಸ್ಪೀಕರಿನಲ್ಲಿ ಅವರು ಉಸಿರು ಎಳೆದುಕೊಳ್ಳುವುದೂ ಕೇಳಿಸೀತು. ಒಂದು ಭಾನುವಾರ, ಒಂದು ಟೇಪು, ಜೊತೆಗೆ ಮನೆಯ ಹಿರಿಯರ ಕಿವಿ ಇದ್ದರೆ ಸಾಕು. ಈ ಕೆಲಸಕ್ಕೆ ಖರ್ಚಿಲ್ಲ.