ಮನೆ ಸುತ್ತ ಕಂದಕ: ಶತ್ರುಗಳಿಗೋ, ಅಕ್ಕಪಕ್ಕದವರಿಗೋ?

ಇವತ್ತಿನ ಕಂತಿನಲ್ಲಿ ಸುಮಾರು 700 ವರ್ಷ ಹಿಂದಿನ ಇಂಗ್ಲೆಂಡಿಗೆ ಹೋಗೋಣ.

ಕಂದಕ ಅಂದ ಕೂಡಲೇ ನಮಗೆ ನೆನಪಾಗೋದು ಕೋಟೆ, ಫಿರಂಗಿ, ನೀರಿಗೆ ಬಿಟ್ಟ ಮೊಸಳೆ. ಆದರೆ ಇಂಗ್ಲೆಂಡಿನಲ್ಲಿ ಸುತ್ತಲೂ ಕಂದಕ ತೋಡಿದ ಸುಮಾರು 6,000 ನಿವೇಶನಗಳು ಪತ್ತೆಯಾಗಿವೆ. ಹೆಚ್ಚಿನವು 1250ರಿಂದ 1350ರ ನಡುವಿನವು. ಅಷ್ಟೊಂದು ರಾಜರು ಎಲ್ಲಿದ್ರು? ಇರಲಿಲ್ಲ. ಇವುಗಳಲ್ಲಿ ಬಹುಪಾಲು ಒಂದೆರಡು ಹಳ್ಳಿಯ ಸಣ್ಣ ಜಮೀನ್ದಾರರ ಮನೆಗಳು.

ಹಾಗಾದ್ರೆ ಕಂದಕ ಯಾಕೆ? ಜೇಡಿಮಣ್ಣಿನ ನೆಲದಲ್ಲಿ ನೀರು ಬೇಗ ಇಂಗಲ್ಲ. ಸುತ್ತ ತೋಡಿದರೆ ಮನೆಯ ಜಾಗ ಒಣಗಿರುತ್ತೆ, ತೆಗೆದ ಮಣ್ಣಿಂದ ಅಂಗಳ ಎತ್ತರಿಸಬಹುದು. ಮೀನು ಸಾಕಬಹುದು, ಶುಕ್ರವಾರ ಮಾಂಸ ತಿನ್ನಬಾರದು ಅನ್ನೋ ಕ್ರೈಸ್ತ ಕಟ್ಟಳೆ ಇದ್ದ ಕಾಲದಲ್ಲಿ ಅದು ಸಣ್ಣ ಲಾಭ ಅಲ್ಲ. ಕಳ್ಳರಿಗೂ ತಡೆ. ಸೈನ್ಯ ಬಂದ್ರೆ ಮಾತ್ರ ನಿಲ್ಲುವಂಥದ್ದಲ್ಲ.

ಎಲ್ಲಕ್ಕಿಂತ ದೊಡ್ಡ ಲಾಭ ಅಂತಸ್ತು. ಬಿ.ಕಾಂ. ಓದಿರೋದ್ರಿಂದ ನನ್ನ ಕಣ್ಣು ಹೋಗೋದು ಖರ್ಚಿನ ಕಡೆಗೆ. 1278ರಲ್ಲಿ ರಾಜ ಮೊದಲನೇ ಎಡ್ವರ್ಡ್, ವರ್ಷಕ್ಕೆ 20 ಪೌಂಡ್ ಆದಾಯದ ಜಮೀನು ಇರೋರು 'ನೈಟ್' ಪದವಿ ತಗೊಳ್ಳಲೇಬೇಕು ಅಂತ ಆದೇಶ ಹೊರಡಿಸಿದ. ನೈಟ್ ಆದ್ರೆ ಕುದುರೆ, ಕವಚ, ಮೇಲೆ ಸರ್ಕಾರಿ ಹೊಣೆ. ಎಷ್ಟೋ ಜನ ದಂಡ ಕಟ್ಟಿ ತಪ್ಪಿಸಿಕೊಳ್ತಿದ್ರು. ಪದವಿಯ ಖರ್ಚು ಬೇಡ, ದೊಡ್ಡವರ ಠೀವಿ ಬೇಕು ಅನ್ನೋರಿಗೆ ಕಂದಕ ಹೇಳಿ ಮಾಡಿಸಿದ ಹಾಗಿತ್ತು. ಒಮ್ಮೆ ಕೂಲಿ ಕೊಟ್ಟು ತೋಡಿಸಿದ್ರೆ ತಲೆಮಾರುಗಟ್ಟಲೆ ಊರವರ ಕಣ್ಣಿಗೆ ಬೀಳ್ತಿತ್ತು.

ವಾರಿಕ್‌ಶೈರ್‌ನ ಬ್ಯಾಡ್ಸ್‌ಲಿ ಕ್ಲಿಂಟನ್ ಅಂಥದ್ದೇ ಮನೆ. 1438ರಲ್ಲಿ ಅದನ್ನ ಕೊಂಡ ಜಾನ್ ಬ್ರೋಮ್ ವೃತ್ತಿಯಲ್ಲಿ ವಕೀಲ. 1468ರಲ್ಲಿ ಅಡಮಾನದ ಜಗಳವೊಂದರಲ್ಲಿ ಜಾನ್ ಹರ್ಟ್‌ಹಿಲ್ ಅನ್ನೋನು ಅವನನ್ನ ಲಂಡನ್ನಿನ ಚರ್ಚೊಂದರಲ್ಲಿ ಕೊಂದ. ಕೆಲವೇ ವರ್ಷದಲ್ಲಿ ಬ್ರೋಮ್‌ನ ಮಗ ನಿಕೋಲಸ್, ಹರ್ಟ್‌ಹಿಲ್‌ನನ್ನ ಕೊಂದು ಸೇಡು ತೀರಿಸಿಕೊಂಡ.

ನೋಡಿ, ಈ ವರ್ಗದವರ ಬದುಕಿಗೆ ಅಪಾಯ ಬರ್ತಿದ್ದದ್ದು ಹೆಚ್ಚಾಗಿ ದಂಡೆತ್ತಿ ಬಂದ ಶತ್ರುವಿಂದಲ್ಲ. ಜಮೀನಿನ ಪತ್ರ, ಸಾಲ, ಹಕ್ಕಿನ ತಕರಾರು ಇವುಗಳಿಂದ. ಅಲ್ಲಿ ಕಂದಕ ಕೆಲಸಕ್ಕೆ ಬರ್ತಿರಲಿಲ್ಲ.

ಆ ಮನೆ ಈಗ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ, ಕಂದಕದಲ್ಲಿ ಈಗಲೂ ನೀರಿದೆ. ಆ ಕಡೆ ಇರೋ ಕನ್ನಡದ ಗೆಳೆಯರು ಒಮ್ಮೆ ನೋಡಿ ಬನ್ನಿ. ಮುಂದಿನ ಕಂತಿನಲ್ಲಿ ಸಿಗೋಣ.