ಗಡ್ಡೆಯೊಳಗಿನ ಗುಟ್ಟು ಹೇಳಿದ ಪ್ರತಿಧ್ವನಿ

1955ರ ಜುಲೈ 21. ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶದ ಗಡ್ಡೆಗಳನ್ನೂ ಅಂಡಾಶಯದ ದೊಡ್ಡದೊಂದು ನೀರುಗಡ್ಡೆಯನ್ನೂ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ರೆನ್‌ಫ್ರೂ ಊರಿನ ಬಾಯ್ಲರ್ ಕಾರ್ಖಾನೆಗೆ ಹೋದರು. ಲೋಹದೊಳಗಿನ ಬಿರುಕನ್ನು ಶಬ್ದದ ಅಲೆಯಿಂದ ಪತ್ತೆಹಚ್ಚುವ ಯಂತ್ರ ಅಲ್ಲಿತ್ತು. ಯುದ್ಧಕಾಲದಲ್ಲಿ ವಾಯುಪಡೆಯ ವೈದ್ಯರಾಗಿದ್ದ ಅವರಿಗೆ ರೇಡಾರ್, ಸೋನಾರ್‌ಗಳ ಪರಿಚಯವಿತ್ತು. ಕಿವಿಗೆ ಕೇಳದ ಶಬ್ದ ಉಕ್ಕಿನ ಒಳಗನ್ನು ತೋರಿಸುವುದಾದರೆ ದೇಹದ ಒಳಗನ್ನು ಯಾಕೆ ತೋರಿಸಬಾರದು ಎಂಬುದು ಅವರ ಪ್ರಶ್ನೆ.

ಉತ್ತರ ಅಂದೇ ಸಿಕ್ಕಿತು. ನೀರುಗಡ್ಡೆಯ ಈಚೆಯ ಮತ್ತು ಆಚೆಯ ಗೋಡೆಗಳಿಂದ ಮಾತ್ರ ಪ್ರತಿಧ್ವನಿ ಬಂತು. ಗಟ್ಟಿ ಗಡ್ಡೆಯ ಪ್ರತಿಧ್ವನಿಯಾದರೋ ಆಳಕ್ಕಿಳಿದಂತೆ ಕ್ಷೀಣಿಸುತ್ತ ಹೋಯಿತು.

ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮ್ಯಾಕ್‌ವಿಕಾರ್ ಡೊನಾಲ್ಡರ ಜೊತೆಗೂಡಿದರು. ಆ ದಿನಗಳಲ್ಲಿ ಗುಣವಾಗದ ಹೊಟ್ಟೆಯ ಕ್ಯಾನ್ಸರ್ ಎಂದು ತೀರ್ಮಾನಿಸಿದ್ದ ಮಹಿಳೆಯೊಬ್ಬರನ್ನು ಪರೀಕ್ಷಿಸಿದಾಗ ಕಂಡದ್ದು ಅಂಡಾಶಯದ ಭಾರೀ ನೀರುಗಡ್ಡೆ. ಅದನ್ನು ತೆಗೆದರು, ಆಕೆ ಬದುಕಿದರು. 1958ರ ಜೂನ್ 7ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರ ಪ್ರಬಂಧ ಪ್ರಕಟವಾಯಿತು.

ಅಂಡಾಶಯದ ಗಡ್ಡೆ ನೀರಿನದೋ ಗಟ್ಟಿಯೋ ಎಂದು ತಿಳಿದರಷ್ಟೇ ಸಾಲದು, ಸಾಧುವೋ ಕ್ಯಾನ್ಸರೋ ಎಂಬುದು ತಿಳಿಯಬೇಕು. ಅದಕ್ಕಾಗಿ 1999ರಲ್ಲಿ ಡಿರ್ಕ್ ಟಿಮ್ಮರ್‌ಮನ್, ಟಾಮ್ ಬೋರ್ನ್, ಲಿಲ್ ವ್ಯಾಲೆಂಟಿನ್ ‘ಐಯೋಟಾ’ ಎಂಬ ಸಂಶೋಧನಾ ತಂಡ ಕಟ್ಟಿದರು. ಹಲವು ದೇಶಗಳ ಮಹಿಳೆಯರ ಸ್ಕ್ಯಾನಿಂಗ್ ವಿವರಗಳನ್ನು ಶಸ್ತ್ರಚಿಕಿತ್ಸೆಯ ನಂತರದ ಪ್ರಯೋಗಾಲಯ ವರದಿಗಳೊಂದಿಗೆ ತಾಳೆ ನೋಡಿ, 2008ರಲ್ಲಿ ಹತ್ತು ಸರಳ ಲಕ್ಷಣಗಳನ್ನು ಮುಂದಿಟ್ಟರು. ಒಂದೇ ಕೋಣೆಯ ನೀರುಗಡ್ಡೆ, ರಕ್ತಸಂಚಾರವಿಲ್ಲದಿರುವುದು ಸಾಧು ಲಕ್ಷಣಗಳು. ಅಂಕುಡೊಂಕಾದ ಗಟ್ಟಿ ಗಡ್ಡೆ, ಒಳಗೆ ನಾಲ್ಕು ಅಥವಾ ಹೆಚ್ಚು ಮೊಳಕೆಗಳು, ಹೊಟ್ಟೆಯಲ್ಲಿ ನೀರು, ಜೋರಾದ ರಕ್ತಸಂಚಾರ ಕ್ಯಾನ್ಸರಿನ ಸೂಚನೆಗಳು. ಸುಮಾರು ಮುಕ್ಕಾಲು ಪಾಲು ಗಡ್ಡೆಗಳನ್ನು ಇವುಗಳಿಂದಲೇ ವಿಂಗಡಿಸಬಹುದು. ಉಳಿದವನ್ನು ಅನುಭವಿ ತಜ್ಞರು ನೋಡಬೇಕು. ಕೊನೆಯ ಮಾತು ಪ್ರಯೋಗಾಲಯದ್ದೇ.

ಈ ವಿಂಗಡಣೆ ಬಾಗಲಕೋಟೆಯಂಥ ಜಿಲ್ಲೆಗೆ ಬಹಳ ಮುಖ್ಯ. ಸಾಧು ಗಡ್ಡೆಯಾದರೆ ಹತ್ತಿರದಲ್ಲೇ ಚಿಕಿತ್ಸೆ ಸಾಧ್ಯ, ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಡ. ಕ್ಯಾನ್ಸರಿನ ಶಂಕೆಯಿದ್ದರೆ ಮೊದಲೇ ಕ್ಯಾನ್ಸರ್ ಶಸ್ತ್ರಚಿಕಿತ್ಸಕರ ಬಳಿಗೆ, ಬೇಕಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೂ, ಕಳಿಸಬೇಕು. ಅಂಥ ಗಡ್ಡೆ ಒಡೆದರೆ ರೋಗ ಹೊಟ್ಟೆಯೊಳಗೆ ಹರಡಬಹುದು.

ಬಾದಾಮಿಯ ಹೊಲದಲ್ಲಿ, ಹುನಗುಂದದ ಮನೆಯಲ್ಲಿ, ಇಳಕಲ್ಲಿನ ಮಗ್ಗದ ಮುಂದೆ ದುಡಿಯುವ ಅಕ್ಕತಂಗಿಯರೇ, ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆಯ ನೋವು ವಾರಗಟ್ಟಲೆ ಉಳಿದರೆ ಗ್ಯಾಸ್ ಎಂದು ಸುಮ್ಮನಿರಬೇಡಿ. ಮುಟ್ಟು ನಿಂತವರಂತೂ ತಡಮಾಡಲೇಬಾರದು. ವೈದ್ಯರಿಗೆ ತೋರಿಸಿ, ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ.